ಇಪ್ಪತ್ತು ವರ್ಷ ಸೋತವರ ಕಥಿ

ಹೋದ ವಾರ ಫೋನಿನ್ಯಾಗ ನಮ್ಮ ಹಿರೇ ವೈನಿ ಕೇಳಿದ್ರು, "ಅಲ್ಲವಾ, ನೀ ಯಾವಾಗ ಫೋನ್ ಹಚ್ಚಿದ್ರೂ ನಿಮ್ಮೂರ ಟೀಮ್ ಸೋತ್ತು ಅಂತನೇ ಹೇಳ್ತಿ. ಮೂವತ್ತು ವರ್ಷದಿಂದ ಇದನ್ನ ಕೇಳ್ಲಿಕತ್ತೇನಿ. ಗೆಲ್ಲಲಾರದವರನ್ನ ಯಾಕ ನೋಡ್ತಿ? ಟಿವಿ ಬಂದ್ ಮಾಡಿ ಎರಡು ಭಕ್ಕರಿ ಬಡಿ." ಇದಕ್ಕ ಫೋನಿನ್ಯಾಗ ಉತ್ತರ ಹೇಳ್ಲಿಕ್ಕೆ ಆಗೂದಿಲ್ಲ ವೈನಿ, ಬರದು ಹಾಕ್ತೇನಿ ಅಂದೆ. ಅದಕ್ಕ ಈ ಸಲ ಉಪ್ಪಿನಕಾಯಿ ಇಲ್ಲ, ಹಬ್ಬದ ಅಡಗಿ ಇಲ್ಲ. ಬೇಸ್‌ಬಾಲ್.

ಪಿಟ್ಸ್‌ಬರ್ಗ್ ಅಂದ್ರ ನಮ್ಮ ಮಂದಿಗೆ ವೆಂಕಟೇಶ್ವರ ಗುಡಿ. ಪೆನ್ ಹಿಲ್ಸಿನ ಗುಡ್ಡದ ಮ್ಯಾಲೆ 1970ರ ದಶಕದಾಗ ಕಟ್ಟಿದ್ದು. ಅಮೆರಿಕಾಕ್ಕ ಬಂದ ಮಾವಶಿ, ಕಾಕು ಎಲ್ಲಾರನ್ನೂ ನಾ ಅಲ್ಲಿಗೆ ಕರಕೊಂಡು ಹೋಗೇನಿ, ನಿಮಗ ನೆನಪಿರಬೇಕು. ಗುಡಿಯಿಂದ ಊರೊಳಗ ಬಂದ್ರ ಎರಡು ನದಿ ಕೂಡಿ ಒಹಾಯೊ ನದಿ ಆಗೋ ಜಾಗಾ ಬರತದ. ಆ ಸಂಗಮದ ಹತ್ರನ ನದಿ ದಂಡಿಗೆ ಒಂದು ಸ್ಟೇಡಿಯಂ ಅದ, ಪಿಎನ್‌ಸಿ ಪಾರ್ಕ್. ಅದು ಪೈರೇಟ್ಸ್ ಟೀಮಿನ ಮನಿ. ಪೈರೇಟ್ಸ್ ಅಂದ್ರ ಕಡಲಗಳ್ಳರು. ಈಗ ಯಾರು ಯಾರನ್ನ ದೋಚಲಿಕತ್ತಾರ ಅನ್ನೋದು ಮುಂದ ಬರತದ, ತಡೀರಿ.

ಆಟದ ಬಗ್ಗೆ ಎರಡ ಮಾತು ಸಾಕು. ಒಬ್ಬಾಂವ ಚೆಂಡು ಒಗಿತಾನ, ಅವಗ ಪಿಚರ್ ಅಂತಾರ. ಇನ್ನೊಬ್ಬಾಂವ ಹೊಡೀತಾನ. ಹೊಡದಾಂವ ಮೂರು ಮೂಲಿ ಸುತ್ತಿ ಹೊಳ್ಳಿ ತಾ ನಿಂತಿದ್ದ ಜಾಗಾಕ್ಕ ಬಂದ್ರ ಒಂದು ರನ್. ಆ ಜಾಗಾಕ್ಕ ಹೆಸರೇ "ಹೋಮ್", ಮನಿ. ಮೂರು ಮಂದಿ ಔಟ್ ಆದ್ರ ಪಾಳಿ ಮುಗೀತು, ಹಂತಾ ಒಂಬತ್ತು ಪಾಳಿ. ಆದ್ರ ನಿಮಗ ಗೊತ್ತಿರಬೇಕಾದ್ದು ಬ್ಯಾರೆ. ಮಾರ್ಚ್ ಕಡೀಕಿನಿಂದ ಸೆಪ್ಟೆಂಬರ್ ತನಕ ಒಂದೊಂದು ಟೀಮು 162 ಆಟ ಆಡತದ. ಅಂದ್ರ ಹೆಚ್ಚೂಕಡಿಮಿ ದಿನಾ. ನೀವು ಸಂಜೀ ಮುಂದ ಧಾರಾವಾಹಿ ಹಚ್ಚಿಕೊಂಡು ಕಾಯಿಪಲ್ಲೆ ಹೆಚ್ಚತೀರಲ್ಲ, ಹಂಗ ಇಲ್ಲಿ ಅಡಗಿ ಮನ್ಯಾಗ ರೇಡಿಯೊ ಹಚ್ಚಿಕೊಂಡು ಬೇಸ್‌ಬಾಲ್ ಕೇಳ್ತಾರ. ದಿನಾ ಮನಿಗೆ ಬರೋ ನೆಂಟರು ಇದ್ದಂಗ. ದಿನಾ ಬರತಾರ, ದಿನಾ ಸೋಲ್ತಾರ.

ಮೊದಲಿಂದ ಹಿಂಗಿದ್ದಿಲ್ಲ ಅನ್ನೋದ ನನ್ನ ಸಿಟ್ಟಿನ ಮೂಲ. ಈ ಲೀಗಿನ್ಯಾಗ ಇಂಥಾ ಟೀಮು 30 ಅವ, ಎಲ್ಲಾರಕಿಂತ ದೊಡ್ಡ ಪಂದ್ಯಕ್ಕ ವರ್ಲ್ಡ್ ಸೀರೀಸ್ ಅಂತಾರ. ಪೈರೇಟ್ಸ್ ಅದನ್ನ ಐದು ಸಲ ಗೆದ್ದಾರ: 1909, 1925, 1960, 1971, 1979. 1960ರಾಗ ನ್ಯೂಯಾರ್ಕಿನ ಯಾಂಕೀಸ್ ಅನ್ನೋ ಶ್ರೀಮಂತರ ಜೋಡಿ ಏಳು ಆಟ ಆದ್ವು. ಆ ಏಳೂ ಸೇರಿ ಯಾಂಕೀಸ್ ಮಾಡಿದ್ದು 55 ರನ್, ನಮ್ಮವರು 27. ಆದ್ರೂ ನಾಕು ಆಟ ಗೆದ್ದು ಕಪ್ ಹೊಡಕೊಂಡವರು ನಮ್ಮವರು! ಕಡೀ ಆಟದ ಕಡೀ ಪಾಳ್ಯಾಗ ಬಿಲ್ ಮ್ಯಾಜರಾಸ್ಕಿ ಅನ್ನಾಂವ ಚೆಂಡನ್ನ ಗ್ವಾಡಿ ದಾಟಿಸಿದ, 10ಕ್ಕ 9. ಆ ಸ್ಟೇಡಿಯಂ ಈಗ ಇಲ್ಲ, ಯೂನಿವರ್ಸಿಟಿ ಬಂದದ. ಆದ್ರ ಗ್ವಾಡಿ ಒಂದಿಷ್ಟು ಉಳಿಸ್ಯಾರ. ಪ್ರತಿ ವರ್ಷ ಅಕ್ಟೋಬರ್ 13ಕ್ಕ ಮಂದಿ ಅಲ್ಲಿ ಕುರ್ಚಿ ಹಾಕ್ಕೊಂಡು ಕೂತು ಆ ಹಳೇ ಆಟದ ರೇಡಿಯೊ ಕಾಮೆಂಟರಿ ಹಾಕಿ ಕೇಳ್ತಾರ. ಗೆದ್ದದ್ದು ಗೊತ್ತಿದ್ದೂ ಕೇಳ್ತಾರ. ಪುರಾಣ ಕೇಳ್ಲಿಕ್ಕೆ ನಮ್ಮ ಅಜ್ಜಿ ಹೋಗ್ತಿದ್ಲಲ್ಲ, ಅದೇ.

ಇನ್ನ ರೋಬರ್ಟೊ ಕ್ಲೆಮೆಂಟೆ. ಇವನ ಬಗ್ಗೆ ಸ್ವಲ್ಪ ಹೆಚ್ಚು ಬರೀತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಪೋರ್ಟೊರಿಕೊ ದ್ವೀಪದಿಂದ 1955ರಾಗ ಬಂದ ಕರೇ ಬಣ್ಣದ ಹುಡುಗ. ಮನಿ ಭಾಷಾ ಸ್ಪ್ಯಾನಿಶ್. ಇವ ಇಂಗ್ಲಿಷ್ ಮಾತಾಡಿದ್ದನ್ನ ಪೇಪರಿನವರು ಅವನ ಉಚ್ಚಾರ ಹೆಂಗಿತ್ತೋ ಹಂಗ ಬರದು ನಗಸಾರಿ ಮಾಡ್ತಿದ್ರು. ಹೆಸರು ರೋಬರ್ಟೊ ಅಂತ ಅವ ಹೇಳಿದ್ರೂ "ಬಾಬ್" ಅಂತ ಬರೀತಿದ್ರು. ನಾ ಈ ಊರಿಗೆ ಹೊಸದಾಗಿ ಬಂದಾಗ ಅಂಗಡ್ಯಾಗ ಬಾಯಿ ತಗೀಲಿಕ್ಕೆ ಅಂಜತಿದ್ದೆ, ಹಿಂಗಾಗಿ ಈ ಕಥಿ ಓದಿದಾಗ ಅವ ನಮ್ಮ ಮನೀ ಹುಡುಗ ಅನ್ನಿಸಿಬಿಡ್ತು. 18 ಸೀಸನ್ ಇದೇ ಒಂದು ಟೀಮಿಗೆ ಆಡಿದ. ಸರಿಯಾಗಿ 3000 ಹಿಟ್ ಹೊಡದ. 1972ರ ಡಿಸೆಂಬರಿನ್ಯಾಗ ನಿಕರಾಗುವಾ ದೇಶದಾಗ ಭೂಕಂಪ ಆತು. ಇವ ಕಳಿಸಿದ ಸಾಮಾನು ನಡುವನ ಮಾಯ ಆಗ್ಲಿಕತ್ತಾವ ಅಂತ ಗೊತ್ತಾಗಿ, ನಾನೇ ಹೋಗಿ ಹಂಚತೇನಿ ಅಂತ ಡಿಸೆಂಬರ್ 31ಕ್ಕ ವಿಮಾನ ಹತ್ತಿದ. ವಿಮಾನ ಸಮುದ್ರಕ್ಕ ಬಿತ್ತು. ದೇಹ ಸಹಿತ ಸಿಗಲಿಲ್ಲ. ಅವನ ಅಂಗಿ ನಂಬರ್ 21. ಅದಕ್ಕ ಈಗಿನ ಸ್ಟೇಡಿಯಮಿನ ಬಲಗಡೆ ಗ್ವಾಡೀನ 21 ಫೂಟ್ ಎತ್ತರ ಕಟ್ಟ್ಯಾರ. ಊರಿಂದ ಸ್ಟೇಡಿಯಮಿಗೆ ನಡಕೊಂಡು ಹೋಗೋ ಹಳದಿ ಬಣ್ಣದ ಪೂಲಿಗೂ ಅವನದೇ ಹೆಸರು.

1979 ಆದ ಮ್ಯಾಲೆ ಉಕ್ಕಿನ ಕಾರ್ಖಾನಿ ಒಂದೊಂದೇ ಬಂದ್ ಆದ್ವು, ಕೆಲಸ ಹೋದ ಮಂದಿ ಊರ ಬಿಟ್ಟು ಹೋದ್ರು. ಟೀಮೂ ಬಿದ್ದು ಎದ್ದು, 1990, 91, 92, ಮೂರು ವರ್ಷ ತಮ್ಮ ಗುಂಪಿನ್ಯಾಗ ಮೊದಲ ಬಂತು. ಮೂರೂ ಸಲ ವರ್ಲ್ಡ್ ಸೀರೀಸಿನ ಹೊಚ್ಚಲಕ್ಕ ಬಂದು ಮುಗ್ಗರಿಸಿತು.

ನಾ ಬಂದದ್ದು 1992ರ ಬ್ಯಾಸಗ್ಯಾಗ, ಲಗ್ನ ಆಗಿ ಹೊಸದು. ಅಕ್ಟೋಬರ್ 14ರ ರಾತ್ರಿ ನಮ್ಮವರು ಊಟಾ ಬಿಟ್ಟು ಟಿವಿ ಮುಂದ ಕೂತಿದ್ರು. ಅಟ್ಲಾಂಟಾದಾಗ ಆಟ, ಕಡೀ ಪಾಳಿ, ನಮ್ಮವರು 2, ಅವರು 0. ಮುಂದ 2ಕ್ಕ 1 ಆತು. ಇಬ್ಬರು ಔಟ್, ಇನ್ನೊಬ್ಬ ಔಟ್ ಆದ್ರ ಮುಗೀತು. ಮೂರೂ ಮೂಲ್ಯಾಗ ಅವರ ಮಂದಿ ನಿಂತಿದ್ರು. ಆಗ ಫ್ರಾನ್ಸಿಸ್ಕೊ ಕಬ್ರೇರಾ ಅನ್ನಾಂವ ಬಂದು ಎಡಗಡೆ ಹೊಡದ. ಒಬ್ಬಾಂವ ಮನಿ ಮುಟ್ಟಿದ, ಸರಿಸಮ ಆತು. ಅವನ ಹಿಂದ ಸಿಡ್ ಬ್ರೀಮ್. ಈ ಬ್ರೀಮ್ ಎರಡು ವರ್ಷದ ಹಿಂದ ನಮ್ಮ ಟೀಮಿನ್ಯಾಗ ಇದ್ದಾಂವ. ಮೊಣಕಾಲಿಗೆ ಆಪರೇಶನ್ ಮ್ಯಾಲೆ ಆಪರೇಶನ್ ಆಗಿ ಓಡ್ಲಿಕ್ಕೆ ಬರಲಾರದಾಂವ. ಎಡಗಡೆ ನಿಂತ ಬ್ಯಾರಿ ಬಾಂಡ್ಸ್ ಚೆಂಡು ಒಗದ. ಬ್ರೀಮ್ ಜಾರಿಕೊಂಡು ಬಂದ. ಚೆಂಡು ಕೂದಲೆಳಿ ತಡಾ ಆತು. 3ಕ್ಕ 2. ನನಗ ಆಟ ತಿಳೀತಿದ್ದಿಲ್ಲ, ಆದ್ರ ನಮ್ಮವರ ಮುಖ ನೋಡಿ ಯಾರೋ ತೀರಿಕೊಂಡಾರ ಅಂತ ತಿಳಕೊಂಡೆ.

ಆ ಚಳಿಗಾಲದಾಗ ಬಾಂಡ್ಸ್ ಸಾನ್ ಫ್ರಾನ್ಸಿಸ್ಕೋಕ್ಕ ಹೋದ, ಆರು ವರ್ಷಕ್ಕ 43 ಮಿಲಿಯನ್ ಡಾಲರಿಗಿಂತ ಹೆಚ್ಚು ರೊಕ್ಕಕ್ಕ. ಮತ್ತ 1993ರಿಂದ 2012ರ ತನಕ, ಇಪ್ಪತ್ತು ಸೀಸನ್, ಪೈರೇಟ್ಸ್ ಗೆದ್ದದ್ದಕ್ಕಿಂತ ಸೋತದ್ದ ಹೆಚ್ಚು. ಉತ್ತರ ಅಮೆರಿಕಾದ ದೊಡ್ಡ ಆಟಗಳೊಳಗ ಇಷ್ಟು ವರ್ಷ ಒಂದೇ ಸಮ ಸೋತವರು ಬ್ಯಾರೆ ಯಾರೂ ಇಲ್ಲ. ನನ್ನ ಮಗ ಹುಟ್ಟಿದ್ದು 1993ರಾಗ. ಅವ ತೊಟ್ಟಲದಾಗಿದ್ದಾಗ ಸೋತ್ರು, ಸಾಲಿಗೆ ಹೋದಾಗ ಸೋತ್ರು, ಮೀಸಿ ಬಂದಾಗ ಸೋತ್ರು.

ಸೋಲೂದು ಪಾಪ ಅಲ್ಲ ನೋಡ್ರಿ. ನಾ ಸಿಟ್ಟಾಗೋದು ರೊಕ್ಕದ ಲೆಕ್ಕಕ್ಕ. ಈ ಆಟದಾಗ ಒಂದು ಟೀಮು ಆಟಗಾರರಿಗೆ ಒಟ್ಟು ಇಷ್ಟೇ ಸಂಬಳ ಕೊಡಬೇಕು ಅಂತ ಮಿತಿ ಇಲ್ಲ. ನ್ಯೂಯಾರ್ಕಿನವರು ಬೇಕಾದಷ್ಟು ಕೊಡ್ತಾರ, ಸಣ್ಣ ಊರಿನವರ ಕೈಲೆ ಆಗೂದಿಲ್ಲ. ಅದಕ್ಕ ದೊಡ್ಡವರ ಉತ್ಪನ್ನದಾಗ ಒಂದಿಷ್ಟು ಸಣ್ಣವರಿಗೆ ಹಂಚತಾರ. ಟೀಮ್ ಸುಧಾರಿಸ್ಕೋಳಿ ಅಂತ ಕೊಡೋ ರೊಕ್ಕ ಅದು. 2010ರಾಗ ಈ ಟೀಮಿನ ಹಿಶೋಬದ ಕಾಗದ ಹ್ಯಾಂಗೋ ಹೊರಗ ಬಂದ್ವು. 2007, 2008, ಎರಡೂ ವರ್ಷ ಸೋತು ಸುಣ್ಣಾದ ಟೀಮು ಆ ಎರಡು ವರ್ಷದಾಗ ಕೂಡೇ ಸುಮಾರು 29 ಮಿಲಿಯನ್ ಡಾಲರ್ ಲಾಭಾ ಮಾಡಿತ್ತು! ಸೋತ್ರೂ ಲಾಭಾ ಬರತದ ಅಂದ್ರ ಗೆಲ್ಲೋ ಅವಸರ ಯಾರಿಗದ? ಮ್ಯಾಲೆ ಆ ಸ್ಟೇಡಿಯಂ ನೋಡ್ರಿ. ಅದಕ್ಕ ಅಂತ ಮಾರಾಟ ತೆರಿಗಿ ಏರಿಸಬೇಕೋ ಬ್ಯಾಡೋ ಅಂತ 1997ರಾಗ ಮತ ಕೇಳಿದ್ರು, ಮಂದಿ ಬ್ಯಾಡ ಅಂದ್ರು. ಆದ್ರೂ ಬ್ಯಾರೆ ದಾರಿಯಿಂದ ಸರ್ಕಾರಿ ರೊಕ್ಕ ಹಾಕೇ 2001ರಾಗ ಕಟ್ಟಿದ್ರು. ಚಂದ ಅದ, ಸುಳ್ಳ ಹೇಳಂಗಿಲ್ಲ. ಮ್ಯಾಲಿನ ಸಾಲಿನ್ಯಾಗ ಕೂತ್ರ ನದಿ, ಪೂಲು, ಊರು ಎಲ್ಲಾ ಕಾಣಸ್ತದ. ಆಟಾ ಒಂದು ನೋಡಬಾರದು.

ನಡುವ ಒಂದು ತಮಾಷಿ. 2008ರಾಗ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಅನ್ನೋ ಇಬ್ಬರು ಭಾಲೆ ಒಗಿಯೋ ಹುಡುಗ್ರು ಟಿವಿ ಸ್ಪರ್ಧಾದಾಗ ಆಯ್ಕಿ ಆಗಿ, ಪಿಚಿಂಗ್ ಕಲತ ಮ್ಯಾಲೆ ಅವರ ಜೋಡಿ ಕರಾರು ಮಾಡ್ಕೊಂಡ ಟೀಮು ಯಾವುದು? ನಮ್ಮ ಪೈರೇಟ್ಸೇ. ಅಮೆರಿಕಾದ ಬೇಸ್‌ಬಾಲಿನ್ಯಾಗ ಹಂಗ ಸಹಿ ಹಾಕಿದ ಮೊದಲ ಭಾರತೀಯರು ಅವರು. ಅವರ ಮ್ಯಾಲೆ ಸಿನೆಮಾ ಸಹಿತ ಬಂತು. ಪಾಪ, ಕೆಳಗಿನ ದರ್ಜೇ ಟೀಮಿನ್ಯಾಗ ಆಡಿದ್ರು, ಪಿಟ್ಸ್‌ಬರ್ಗಿನ ತನಕ ಬರಲಿಲ್ಲ.

2013ರಾಗ ಅಂತೂ ಬಂತು. 94 ಗೆಲುವು. ಅಕ್ಟೋಬರ್ 1ಕ್ಕ ಸಿನ್ಸಿನಾಟಿ ಜೋಡಿ ಒಂದೇ ಒಂದು ಆಟ, ಸೋತವರು ಮನಿಗೆ. ಸ್ಟೇಡಿಯಂ ತುಂಬ ಕರೇ ಅಂಗಿ. ನಾನೂ ನನ್ನ ಕರೇ ಸ್ವೆಟರ್ ಹಾಕ್ಕೊಂಡು ಸೋಫಾದ ಮ್ಯಾಲೆ ಕೂತಿದ್ದೆ, ಶುಭದಿನಕ್ಕ ಕಪ್ಪು ಬ್ಯಾಡ ಅಂತ ಅತ್ತಿಯವರು ಫೋನಿನ್ಯಾಗ ಬೈದ್ರೂ ಕೇಳಲಿಲ್ಲ. ಅವರ ಪಿಚರ್ ಜಾನಿ ಕ್ವೇಟೊನ ಹೆಸರನ್ನ ನಾಕತ್ತು ಸಾವಿರ ಮಂದಿ ರಾಗ ಎಳದು ಕರೀಲಿಕ್ಕೆ ಹತ್ತಿದ್ರು, ಕ್ವೇ...ಟೊ, ಕ್ವೇ...ಟೊ ಅಂತ. ಅವನ ಕೈಯಾಗಿನ ಚೆಂಡು ಜಾರಿ ಕೆಳಗ ಬಿತ್ತು. ಮುಂದಿನ ಚೆಂಡಿಗೇ ರಸೆಲ್ ಮಾರ್ಟಿನ್ ಹೋಮ್ ರನ್ ಹೊಡದ. ಮಗ ಕಾಲೇಜಿನಿಂದ ಫೋನ್ ಮಾಡಿ ಮಾತಾಡಲೇ ಇಲ್ಲ, ಬರೇ ಅತ್ತ. 20 ವರ್ಷದ ಹುಡುಗ.

ಅದರ ಮುಂದ ಎರಡು ವರ್ಷ ಛಲೋ ಆಡಿ, ಎರಡೂ ಸಲ ಅಂಥಾದ ಒಂದೇ ಆಟದಾಗ ಸೋತು ಹೊರಗ ಬಿದ್ರು. 2018ರ ಜನೇವರಿಯಾಗ ಗೆರಿಟ್ ಕೋಲ್ ಅನ್ನೋ ಪಿಚರನ್ನ ಹ್ಯೂಸ್ಟನ್ನಿಗೆ ಕೊಟ್ರು. ಎರಡೇ ದಿನ ಬಿಟ್ಟು ಆಂಡ್ರೂ ಮೆಕಚನ್‌ನ ಸಾನ್ ಫ್ರಾನ್ಸಿಸ್ಕೋಕ್ಕ ಕೊಟ್ರು. ಮೆಕಚನ್ ಅಂದ್ರ ಆ 2013ರ ಮುಖ, ನನ್ನ ಮಗನ ಖೋಲಿ ಗ್ವಾಡಿ ಮ್ಯಾಲಿನ ಚಿತ್ರ. ಕೋಲ್ ಮುಂದ ನ್ಯೂಯಾರ್ಕಿನವರ ಕಡೆ 324 ಮಿಲಿಯನ್ ಡಾಲರಿಗೆ ಹೋದ. ಹುಡುಗ್ರನ್ನ ಸಣ್ಣವರಿದ್ದಾಗ ತಂದು, ಬೆಳಸಿ, ದುಬಾರಿ ಆಗೋ ಹೊತ್ತಿಗೆ ಕೊಟ್ಟುಬಿಡೋದು. ಬ್ಯಾರೆಯವರ ಮನಿಗೆ ಹೆಪ್ಪು ಹಾಕಿಕೊಡೋ ಕೆಲಸ, ಮಸರು ತಿನ್ನವರು ಅವರು.

2025ರ ಏಪ್ರಿಲ್ ಅಂತೂ ಹೇಳಬ್ಯಾಡ್ರಿ. ಸ್ಟೇಡಿಯಂ ಕಟ್ಟೋ ಮುಂದ ಅಭಿಮಾನಿಗಳಿಗೆ ಇಟ್ಟಂಗಿ ಮಾರಿದ್ರು, ಅದರ ಮ್ಯಾಲೆ ಹೆಸರು ಕೆತ್ತಿಸಿ ದಾರಿಗೆ ಹಾಸ್ತೇವಿ ಅಂತ. ಗುಡಿ ಪೌಳ್ಯಾಗ ಸೇವಾದವರ ಹೆಸರಿನ ಕಲ್ಲು ಹಾಕ್ತಾರಲ್ಲ, ಹಂಗ. ತೀರಿಹೋದ ಅಪ್ಪನ ಹೆಸರು, ಮೊಮ್ಮಕ್ಕಳ ಹೆಸರು ಹಾಕಿಸಿದ ಮಂದಿ ಎಷ್ಟೋ. ನಾವು ತೊಗೊಂಡಿದ್ದಿಲ್ಲ, ಆಗ ಅಷ್ಟು ಕೈ ಬಿಚ್ಚಂಗಿದ್ದಿಲ್ಲ. ಆ ಇಟ್ಟಂಗಿ ರಿಪೇರಿಗೆ ಅಂತ ಕಿತ್ತು, ಕಡೀಕ ಸಿಕ್ಕಿದ್ದು ಎಲ್ಲಿ ಅಂದ್ರ ಮೋಡಕಾ ಸಾಮಾನು ಪುಡಿ ಮಾಡೋ ಜಾಗಾದಾಗ, ಗುಂಪಿ ಹಾಕಿದ್ರು. ಫೋಟೊದಾಗ ಹೆಸರು ಓದಲಿಕ್ಕೆ ಬರತಿದ್ವು. ಅದೇ ಹೊತ್ತಿಗೆ ಕ್ಲೆಮೆಂಟೆ ಗ್ವಾಡಿ ಮ್ಯಾಲಿದ್ದ 21 ನಂಬರಿನ ಗುರುತು ತಗದು ಒಂದು ಮದ್ಯದ ಜಾಹೀರಾತು ಹಾಕಿದ್ರು. ಕ್ಲೆಮೆಂಟೆ ಮಗ ಬಾಯಿಬಿಟ್ಟು ಹೇಳಿದ ಮ್ಯಾಲೆ 21 ಹೊಳ್ಳಿ ಬಂತು. ಇಟ್ಟಂಗಿ ಹೆಸರೂ ಮತ್ತ ಕಾಣೋಹಂಗ ಇಡ್ತೇವಿ ಅಂದ್ರು. ಆ ಸೀಸನ್ನಿನ್ಯಾಗ ನಮ್ಮೂರಾಗಿನ ಮೊದಲನೇ ಆಟದ ದಿನ ಮಂದಿ "ಟೀಮ್ ಮಾರಿಬಿಡು" ಅಂತ ಮಾಲಕ ಬಾಬ್ ನಟಿಂಗ್‌ಗ ಕೇಳೋಹಂಗ ಒದರಿದ್ರು, ಆಕಾಶದಾಗ ವಿಮಾನಕ್ಕ ಅದೇ ಮಾತಿನ ಬ್ಯಾನರ್ ಕಟ್ಟಿ ಹಾರಿಸಿದ್ರು. ಸೋಲನ್ನ ನುಂಗಿಕೊಂಡಿದ್ದ ಮಂದಿ ಈ ಇಟ್ಟಂಗೀನ ನುಂಗಲಿಲ್ಲ. ನನಗೂ ಇಪ್ಪತ್ತು ವರ್ಷದ ಸೋಲಿಗಿಂತ ಆ ಒಂದು ಫೋಟೊನೇ ಹೆಚ್ಚು ಚುಚ್ಚಿತು.

ಆ ವರ್ಷ 71 ಗೆದ್ದು 91 ಸೋತ್ರು. ಅದೇ ಟೀಮಿನ್ಯಾಗ ಪಾಲ್ ಸ್ಕೀನ್ಸ್ ಅನ್ನೋ ಹುಡುಗ ಇದ್ದ, ಆಗ ವಯಸ್ಸು 23. ಆ ವರ್ಷ ಲೀಗಿನ ಎಲ್ಲಾರಕಿಂತ ಶ್ರೇಷ್ಠ ಪಿಚರ್ ಅಂತ ಪ್ರಶಸ್ತಿ ಸಿಕ್ತು, ಮತ ಹಾಕಿದವರೆಲ್ಲಾ ಅವನ ಹೆಸರನ್ನೇ ಮೊದಲ ಬರದ್ರು. ಅಷ್ಟಾದ್ರೂ ಅವನ ಲೆಕ್ಕದಾಗ ಹತ್ತು ಗೆಲುವು, ಹತ್ತು ಸೋಲು. ಯಾಕಂದ್ರ ಅವ ಎದುರಿನವರಿಗೆ ರನ್ ಕೊಡೂದಿಲ್ಲ, ನಮ್ಮವರು ಅವನ ಸಲುವಾಗಿ ರನ್ ಮಾಡೂದಿಲ್ಲ.

ಈಗ ನಮ್ಮ ಮನ್ಯಾಗ ಇದೇ ಜಗಳಾ. ನಮ್ಮವರು, "ಮಾಲಕನ ಕಿಸೆಕ್ಕ ಒಂದು ಡಾಲರ್ ಹಾಕೂದಿಲ್ಲ, ಮಂದಿ ಹೋಗೂದು ಬಿಟ್ರನ ಅವಗ ಬುದ್ಧಿ ಬರತದ" ಅಂತಾರ. ಮಗ, "ಮಮ್ಮಿ, ಸ್ಕೀನ್ಸ್‌ನೂ ಒಂದಿನ ಕೊಟ್ಟುಬಿಡ್ತಾರ, ಇರೋತನಕ ನೋಡೋಣ ಬಾ" ಅಂತಾನ. ಇಬ್ಬರದೂ ಖರೇನೇ. ನಾ ಸದ್ಯಕ್ಕ ತಿಕೀಟು ತೊಗೊಂಡಿಲ್ಲ. ಅಡಗಿ ಮನಿ ರೇಡಿಯೋಕ್ಕ ಸೆಲ್ಲು ಮಾತ್ರ ಹೊಸಾವು ಹಾಕೇನಿ ವೈನಿ, ಭಕ್ಕರಿ ಬಡಕೋತನೇ ಕೇಳ್ತೇನಿ.