ಹಿತ್ತಲಿನ ಬೀಜದ ಮಡಕೆ

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಮಂಡ್ಯ ಸೀಮೆಯ ಹಿತ್ತಲುಗಳಲ್ಲಿ ಒಂದು ಋತು ಮುಗಿದು ಇನ್ನೊಂದು ಮೊದಲಾಗುತ್ತದೆ. ಅವರೆಯ ಸೊಗಡು ಇಳಿಯುತ್ತದೆ. ಬಚ್ಚಲ ನೀರು ಹರಿಯುವ ಕಡೆ ಹೀರೆ, ಸೋರೆ, ಸೌತೆ, ಕುಂಬಳದ ಬೀಜ ಊರುತ್ತಾರೆ. ಯುಗಾದಿಯ ಹೊತ್ತಿಗೆ ಬಳ್ಳಿ ಚಪ್ಪರ ಹಿಡಿದಿರಬೇಕು. ಈ ಸಣ್ಣ ಕೆಲಸಕ್ಕೂ ಒಂದು ಇತಿಹಾಸವಿದೆಯೆಂದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ತೋಟದ ಇತಿಹಾಸವೆಂದರೆ ನಾವು ಮಕ್ಕಳಿಗೆ ತೋರಿಸುವುದು ಶ್ರೀರಂಗಪಟ್ಟಣವನ್ನು. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅಲ್ಲಿದೆ. ದ್ವೀಪದ ಪೂರ್ವದ ತುದಿಯಲ್ಲಿ, ಈಗ ಗುಂಬಜ್ ಇರುವ ಕಡೆ, ಆಗ ಲಾಲ್‌ಬಾಗ್ ಎಂಬ ದೊಡ್ಡ ತೋಟವಿತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಹೊಳೆ ದಾಟಿ ಅಲ್ಲಿ ಬೀಡುಬಿಟ್ಟಿತು. ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಸಾಲುಸಾಲಾಗಿ ಬೆಳೆದಿದ್ದ ಸೈಪ್ರಸ್ ಮರಗಳನ್ನು ಕೋಟೆಯ ಮುತ್ತಿಗೆಗೆ ಬೇಕಾದ ಕಟ್ಟಿಗೆಯ ಕಂತೆಗಳಿಗಾಗಿ ಕಡಿದರು. ಹಿತ್ತಲಲ್ಲಿ ನಾವು ಬೀಜ ಊರುವ ಇದೇ ದಿನಗಳಲ್ಲಿ ಸುಲ್ತಾನನ ತೋಟ ಹಾಳಾಯಿತು.

ಹಿತ್ತಲುಗಳ ಕಥೆ ಬೇರೆ. ಅವುಗಳ ಭಾಗ್ಯ ನೀರಿನ ಮೇಲೆ ನಿಂತಿತ್ತು. ಶ್ರೀರಂಗಪಟ್ಟಣದ ಸುತ್ತ ಹದಿನೇಳನೆಯ ಶತಮಾನದಿಂದಲೇ ಕಾವೇರಿಯ ನಾಲೆಗಳಿದ್ದವು. ಚಿಕ್ಕದೇವರಾಜರ ಹೆಸರಿನ ನಾಲೆ ಈಗಲೂ ಹರಿಯುತ್ತಿದೆ. ಪಾಂಡವಪುರದ ಕಡೆ ತೊಣ್ಣೂರು ಕೆರೆಯ ಆಸರೆಯಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿದ ಮೇಲೆ ಊರೂರ ಬೆಳೆ ಬದಲಾಯಿತು. ಅತ್ತಿಕುಪ್ಪೆ ಎಂಬ ಹಳೆಯ ಹೆಸರಿನ ಕೃಷ್ಣರಾಜಪೇಟೆಗೂ ನಾಗಮಂಗಲದ ಕೆಲವು ಕಡೆಗೂ ಹೇಮಾವತಿಯ ನೀರು ಬಂದದ್ದು ಬಹಳ ತಡವಾಗಿ. ಉಳಿದವರಿಗೆ ಕೆರೆ, ಬಾವಿಯೇ ಗತಿ. ಅಲ್ಲಿ ಚಳಿಗಾಲದ ಕೊನೆಯೆಂದರೆ ಬಿತ್ತುವುದಕ್ಕಿಂತ ಹೆಚ್ಚಾಗಿ ಬೀಜ ಎತ್ತಿಡುವ ಕಾಲ.

ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ ಹಾಕುವ ಪದ್ಧತಿಯನ್ನು 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ವಿವರವಾಗಿ ಬರೆದಿದ್ದಾನೆ. ನಾಟಿ ಅವರೆಗೆ ಹಗಲು ಮೊಟಕಾದರೇನೇ ಹೂವು. ಮುಂಗಾರಿನಲ್ಲಿ ಬಿತ್ತಿದರೂ ಕಾಯಿ ತುಂಬುವುದು ಚಳಿಗೆ. ಆ ಕಾಯಿಯಲ್ಲಿ ಒಳ್ಳೆಯದನ್ನು ಗಿಡದಲ್ಲೇ ಒಣಗಲು ಬಿಟ್ಟು, ಕಾಳು ಬಿಡಿಸಿ, ಬೂದಿ ಬೆರೆಸಿ ಮಡಕೆಗೆ ತುಂಬುತ್ತಿದ್ದವರು ಮನೆಯ ಹೆಂಗಸರು. ಹೀರೆಯನ್ನು ಸಿಪ್ಪೆಸಮೇತ ಸೂರಿಗೆ ತೂಗುಹಾಕುತ್ತಿದ್ದರು. ಪುಸ್ತಕಗಳಲ್ಲಿ ಬಿತ್ತನೆಯ ಅಳತೆ ಸಿಗುತ್ತದೆ. ಬರಗಾಲದಲ್ಲೂ ಆ ಮಡಕೆಗೆ ಕೈಹಾಕದೆ ಕಾದಿಟ್ಟ ತಾಯಂದಿರ ಹೆಸರು ಸಿಗುವುದಿಲ್ಲ.

ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ತಳಿಗಳಿಂದ ವರ್ಷವಿಡೀ ಕಾಯಿ ಸಿಗುತ್ತದೆ. ಅದು ಒಳ್ಳೆಯದೇ, ಬೆಳೆಯುವವರಿಗೆ ನಾಲ್ಕು ಕಾಸು ಬರುತ್ತದೆ. ಆದರೆ ಬೀಜವೆಂದರೆ ಅಂಗಡಿಯ ಪೊಟ್ಟಣ ಎಂಬಷ್ಟಕ್ಕೆ ನಮ್ಮ ಮಾತು ನಿಂತುಹೋಗಬಾರದು. ಹೈಬ್ರಿಡ್ ತರಕಾರಿಯ ಬೀಜ ಎತ್ತಿಟ್ಟು ಬಿತ್ತಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ಮುಂದಿನ ವರ್ಷ ಮತ್ತೆ ದುಡ್ಡು ಕೊಡಬೇಕು. ಒಂದು ತಲೆಮಾರು ಬೀಜ ಕಟ್ಟುವುದನ್ನು ಬಿಟ್ಟರೆ ಆ ಮನೆಯ ತಳಿಯೂ ಹೋಯಿತು, ಅದನ್ನು ಆರಿಸುವ ಕಣ್ಣೂ ಹೋಯಿತು.

ಪಟ್ಟಣದ ಮನೆಗಳಲ್ಲಿ ಹಿತ್ತಲಿಲ್ಲ, ನಿಜ. ಆದರೆ ಮಾಳಿಗೆಯ ಮೇಲೆ ನಾಲ್ಕು ಕುಂಡಗಳಿಗೆ ಜಾಗವಿದೆ. ಊರಿನ ನೆಂಟರ ಮನೆಯಿಂದ ಒಂದು ಹಿಡಿ ನಾಟಿ ಹೀರೆಬೀಜ ಕೇಳಿ ತನ್ನಿ. ಶಿವರಾತ್ರಿಯ ಆಸುಪಾಸಿನಲ್ಲಿ ಊರಿ. ಮೊದಲ ಕಾಯಿಗಳಲ್ಲಿ ನೇರವಾದ, ದಪ್ಪನಾದ ಒಂದಕ್ಕೆ ದಾರ ಕಟ್ಟಿ, ಎಷ್ಟೇ ಆಸೆಯಾದರೂ ಕೊಯ್ಯದೆ ಬಲಿಯಲು ಬಿಡಿ. ಒಣಗಿದ ಮೇಲೆ ಬೀಜ ತೆಗೆಯುವ ಕೆಲಸವನ್ನು ಮಗಳಿಗೂ ಮಗನಿಗೂ ಕೊಡಿ; ಒಂದಿಷ್ಟನ್ನು ಪಕ್ಕದ ಮನೆಗೂ ಹಂಚಿ.