ಬೆರಳ ಸನ್ನೆ, ಶಿವನಸಮುದ್ರದ ತಂತಿ

2009ರ ನವೆಂಬರ್. ಮೈಸೂರಿನ ಟೆಡ್ ಇಂಡಿಯಾ ವೇದಿಕೆ. ಗುಜರಾತ್ ಮೂಲದ ಪ್ರಣವ್ ಮಿಸ್ತ್ರಿ 'ಸಿಕ್ಸ್ತ್ ಸೆನ್ಸ್' ತೋರಿಸಿದರು. ಕೊರಳಲ್ಲಿ ಕ್ಯಾಮೆರಾ, ಪುಟ್ಟ ಪ್ರೊಜೆಕ್ಟರ್. ಬೆರಳ ತುದಿಗೆ ಬಣ್ಣದ ಪಟ್ಟಿ. ಬೆರಳಲ್ಲಿ ಚೌಕಟ್ಟು ಕಟ್ಟಿದ್ರೆ ಫೋಟೋ, ಅಂಗೈ ಮೇಲೆ ಫೋನಿನ ಗುಂಡಿಗಳು. ಖರ್ಚು ಸುಮಾರು 350 ಡಾಲರ್. ಎಂಜಿನಿಯರಿಂಗ್ ಓದಿದ ನನಗೆ ರೋಮಾಂಚನ.

ಅಲ್ಲಿಂದ ಮಂಡ್ಯ, ಮದ್ದೂರು ಎಷ್ಟು ದೂರ ಸ್ವಾಮಿ? ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ತಂತಿ ಕೆಳಗಿನ ಹಳ್ಳಿಗಳು ಬಹುಕಾಲ ಕತ್ತಲಲ್ಲೇ ಉಳಿದವು.

ಈಗ ಮೊಬೈಲಲ್ಲೇ ಪಂಪ್‌ಸೆಟ್ ಆನ್ ಮಾಡೋ ಸ್ಟಾರ್ಟರ್ ಇದೆ. ಆದ್ರೂ ರಾತ್ರಿ ತ್ರೀಫೇಸ್ ಬಂದ್ರೆ, ನೀರು ತಿರುಗಿಸೋಕೆ ರೈತ ಟಾರ್ಚ್ ಹಿಡಿದು ಕಬ್ಬಿನ ಗದ್ದೆಗೆ ನಡೀಬೇಕು. ಹಾವು ಯಾವ ಸನ್ನೆ ಕೇಳುತ್ತೆ? ಮೊದಲು ಹಗಲು ಕರೆಂಟ್ ಕೊಡಿ.