ತಾನೇ ಉಸಿರೆಳೆಯುವ ಎಂಜಿನ್ನು

ಚಳ್ಳಕೆರೆಯ ಸುತ್ತಲಿನ ಬಾವಿಗಳ ಚರಿತ್ರೆ ಹುಡುಕುತ್ತಾ ನಾನೊಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಹಳೆಯದೊಂದು ಆಯಿಲ್ ಎಂಜಿನ್ನು ತುಕ್ಕು ಹಿಡಿದು ಕೂತಿತ್ತು. ಅಂಗಡಿಯ ಹಿರಿಯರು ಅದರ ಏರ್ ಫಿಲ್ಟರ್ ತೋರಿಸಿ ಹೇಳಿದರು: "ಇದಕ್ಕೆ ಯಾರೂ ಗಾಳಿ ತುಂಬಲ್ಲ ತಮ್ಮಾ, ತಾನೇ ಎಳ್ಕೊಳ್ಳುತ್ತೆ. ಉಸಿರು ಕಟ್ಟಿದ್ರೆ ಹೊಗೆ ಕರ್ರಗಾಗುತ್ತೆ." ಕಾರುಪ್ರಿಯರು 'ನ್ಯಾಚುರಲಿ ಆಸ್ಪಿರೇಟೆಡ್' ಎನ್ನುವ ಎಂಜಿನ್ನಿಗೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಕೇಳಿಲ್ಲ.

ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ವಾತಾವರಣ ಆ ಜಾಗಕ್ಕೆ ಗಾಳಿಯನ್ನು ತಳ್ಳುತ್ತದೆ. ಎಂಜಿನ್ನಿಗೆ ಸಿಗುವ ಗಾಳಿ ಅಷ್ಟೇ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 100 ಮೀಟರಿಗೆ ಸುಮಾರು ಶೇಕಡಾ 1ರಷ್ಟು ಶಕ್ತಿ ಕಳೆದುಹೋಗುತ್ತದೆ. ಮಂಗಳೂರಿನಲ್ಲಿ 100 ಕುದುರೆ ಬಲ ಕೊಡುವ ಎಂಜಿನ್ನು ಚಳ್ಳಕೆರೆಯ ಎತ್ತರದಲ್ಲಿ ಕೊಡುವುದು ಹೆಚ್ಚುಕಡಿಮೆ 94. ಈ ಮಿತಿಯನ್ನು ಮೀರಲು ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಒಂದು ಉಪಾಯಕ್ಕೆ ಪೇಟೆಂಟ್ ಪಡೆದ. ಹೊರಹೋಗುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಒಳಬರುವ ಗಾಳಿಯನ್ನು ಅದುಮಿ ತುಂಬುವುದು. ಅದೇ ಟರ್ಬೊ.

ಫಾರ್ಮುಲಾ ಒನ್ ಪಂದ್ಯಗಳಿಗೆ 1977ರಲ್ಲಿ ರೆನೋ ಕಂಪನಿ ಟರ್ಬೊ ತಂದಿತು. 1989ರಿಂದ ನಿಯಮವೇ ಅದನ್ನು ಹೊರಗಿಟ್ಟಿತು. 2014ರಲ್ಲಿ ನಿಯಮವೇ ಅದನ್ನು ಕಡ್ಡಾಯವಾಗಿ ಮರಳಿ ತಂದಿತು. ರಸ್ತೆಯ ಕಾರುಗಳಲ್ಲೂ ಹಾಗೆಯೇ ಆಯಿತು. ಫೆರಾರಿ 458 ಕಾರಿನ 4.5 ಲೀಟರ್ ಎಂಜಿನ್ನು ತಾನೇ ಉಸಿರೆಳೆದು 570 ಅಶ್ವಶಕ್ತಿ ಕೊಡುತ್ತಿತ್ತು. 2015ರಲ್ಲಿ ಅದರ ಜಾಗಕ್ಕೆ ಬಂದ 488, ಟರ್ಬೊ ಜೋಡಿಸಿಕೊಂಡು 3.9 ಲೀಟರಿನಲ್ಲೇ 670 ಕೊಟ್ಟಿತು. ಸಣ್ಣ ಎಂಜಿನ್ನು, ಹೆಚ್ಚು ಬಲ, ಹೊಗೆಯ ಪರೀಕ್ಷೆಯಲ್ಲೂ ಅನುಕೂಲ. ಲೆಕ್ಕದಲ್ಲಿ ಹಳೆಯದು ಸೋತಿತು.

ಈ ಸೋಲು ಚಳ್ಳಕೆರೆ ಸೀಮೆಗೆ ಹೊಸದಲ್ಲ. ಬಾವಿಯ ದಂಡೆಯ ಆಯಿಲ್ ಎಂಜಿನ್ನು ಓಡಿಸುತ್ತಿದ್ದ ಪಂಪು ಕೂಡ ನೀರನ್ನು ಎಳೆಯುತ್ತಿದ್ದದ್ದು ವಾತಾವರಣದ ಬಲದಿಂದಲೇ. ಆ ಬಲ ಸಿದ್ಧಾಂತದಲ್ಲಿ ಸುಮಾರು 10 ಮೀಟರ್, ವ್ಯವಹಾರದಲ್ಲಿ ಏಳೆಂಟು ಮೀಟರ್ ಆಳದಿಂದ ಮಾತ್ರ ನೀರೆತ್ತಬಲ್ಲದು. ನೀರು ಅದಕ್ಕಿಂತ ಕೆಳಗಿಳಿದಾಗ ಎಳೆಯುವ ಯಂತ್ರ ಸಾಲದಾಯಿತು. ಕೊಳವೆಬಾವಿಯ ತಳದಲ್ಲಿ ಕೂತು ನೀರನ್ನು ಮೇಲಕ್ಕೆ ತಳ್ಳುವ ವಿದ್ಯುತ್ ಪಂಪು ಬಂತು. ಎಳೆಯುವುದರಿಂದ ತಳ್ಳುವುದಕ್ಕೆ ಬಂದ ಈ ಬದಲಾವಣೆಯೇ ಟರ್ಬೊ ಕಾರಿನಲ್ಲೂ ಆಗಿರುವುದು.

ಇನ್ನೂ ಹಿಂದಕ್ಕೆ ಹೋದರೆ ಇಲ್ಲಿನ ಹುಲ್ಲುಗಾವಲಿನಲ್ಲಿ ಅಮೃತಮಹಲ್ ರಾಸುಗಳಿವೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಇಟ್ಟ ಹೆಸರೇ ಅಮೃತಮಹಲ್. ಫಿರಂಗಿ ಎಳೆಯುವ ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ನಡೆದು ಚಿದಂಬರ ಮುಟ್ಟಿತೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಅವು ಆ ಕಾಲದ ವೇಗದ ವಾಹನಗಳು. 1799ರ ಬಳಿಕ ಬ್ರಿಟಿಷರ ಕೈಸೇರಿದ ಹಿಂಡುಗಳನ್ನು 1860ರಲ್ಲಿ ಖರ್ಚು ಉಳಿಸಲೆಂದು ಮಾರಿಬಿಟ್ಟರು. ಮಾಡಿದ್ದು ತಪ್ಪೆಂದು ತಿಳಿದು 1866ರಲ್ಲಿ ಮತ್ತೆ ಕಟ್ಟಿದರು. ಇಂದು ತಳಿ ಸರ್ಕಾರದ ಪಾಲನೆಯಲ್ಲಿ ಉಳಿದಿದೆ. ಆದರೆ ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಗಿದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ರೆಕ್ಕೆಯ ವಾಹನವನ್ನು ತಾನಾಗಿ ಇಳಿಯುವಂತೆ ಮಾಡಿದ ರನ್‌ವೇ ಇರುವುದೂ ಇಲ್ಲೇ. ತಳಿ ಉಳಿಸುವುದು ಬೇರೆ, ಅದು ಮೇಯುವ ನೆಲ ಉಳಿಸುವುದು ಬೇರೆ.

ಮೊಳಕಾಲ್ಮುರಿನ ರೇಷ್ಮೆ ಸೀರೆ ಇನ್ನೊಂದು ದಾರಿ ತೋರಿಸುತ್ತದೆ. ವಿದ್ಯುತ್ ಮಗ್ಗದ ವೇಗದ ಮುಂದೆ ಕೈಮಗ್ಗ ಲೆಕ್ಕಕ್ಕೆ ನಿಲ್ಲುವುದಿಲ್ಲ. ಆದರೂ ಕುಣಿಮಗ್ಗದಲ್ಲಿ ಕೂತು ನೇಯುವವರು ಅಲ್ಲಿದ್ದಾರೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಒಂದು ಆಸರೆ. ಕೈ ಮಾಡಿದ ಕೆಲಸಕ್ಕೇ ಹೆಚ್ಚು ಬೆಲೆ ಕೊಡುವ ಗಿರಾಕಿ ಇನ್ನೊಂದು.

ಉಸಿರೆಳೆಯುವ ಸ್ಪೋರ್ಟ್ಸ್ ಕಾರು ಈಗ ಹಿಡಿದಿರುವುದು ಈ ಸೀರೆಯ ದಾರಿ. 2024ರಲ್ಲಿ ಬಂದ ಫೆರಾರಿ 12 ಚಿಲಿಂಡ್ರಿ ಟರ್ಬೊ ಇಲ್ಲದೆ ನಿಮಿಷಕ್ಕೆ 9,500 ಸುತ್ತು ತಿರುಗುತ್ತದೆ. ಗಾರ್ಡನ್ ಮರ್ರೆಯ ಟಿ.50, 12,100 ಸುತ್ತು. ಆದರೆ ಅವನು ಮಾಡಹೊರಟದ್ದು ರಸ್ತೆಗೆ 100 ಕಾರು ಮಾತ್ರ. ಲ್ಯಾಂಬೋರ್ಗಿನಿ ರೆವುಲ್ಟೊ ತನ್ನ ಹನ್ನೆರಡು ಸಿಲಿಂಡರಿನ ಉಸಿರು ಉಳಿಸಿಕೊಂಡು, ಪಕ್ಕದಲ್ಲಿ ಮೂರು ವಿದ್ಯುತ್ ಮೋಟಾರು ಇಟ್ಟುಕೊಂಡಿದೆ. ಕಾಲು ಒತ್ತಿದೊಡನೆ ತಡವಿಲ್ಲದೆ ಸಿಗುವ ಸ್ಪಂದನೆಗೆ, ಏರುತ್ತಾ ಹೋಗುವ ದನಿಗೆ ದುಡ್ಡು ಕೊಡುವವರು ಇರುವವರೆಗೆ ಇದು ಉಳಿಯುತ್ತದೆ. ಆದರೆ ಗಿರಾಕಿಯಿಂದ ಉಳಿದದ್ದು ಗಿರಾಕಿಗಾಗಿಯೇ ಉಳಿಯುತ್ತದೆ. ಮದುವೆಗೊಂದು ಸೀರೆಯಂತೆ, ಗ್ಯಾರೇಜಿಗೊಂದು ಎಂಜಿನ್ನು.

ಕೊಳ್ಳುವ ಶ್ರೀಮಂತರೂ ಸಾಕುವ ಸರ್ಕಾರವೂ ಇಲ್ಲದ್ದು ನಮ್ಮ ಆಯಿಲ್ ಎಂಜಿನ್ನಿಗೆ ಮಾತ್ರ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ನನ್ನು ಓಡಿಸಿದ್ದು ಕಡಲೆಕಾಯಿ ಎಣ್ಣೆಯಿಂದ. ಎಣ್ಣೆ ಗಿರಣಿಗಳಿಂದಲೇ ಹೆಸರಾದ ಚಳ್ಳಕೆರೆಯಲ್ಲಿ ಆ ಸಂಗತಿ ಹೇಳಿದಾಗ ಹಿರಿಯರು ನಕ್ಕರು. ಅದನ್ನು ಯಾವಾಗ ಗುಜರಿಗೆ ಹಾಕುತ್ತೀರಿ ಎಂದು ಕೇಳಿದೆ. "ಇನ್ನೂ ಉಸಿರಾಡುತ್ತೆ ತಮ್ಮಾ," ಅಂದರು, "ಹ್ಯಾಂಡಲ್ ಹೊಡೆಯೋರಿಲ್ಲ ಅಷ್ಟೆ."